ಒಲೆ ಹೋಯಿತು, ಉಪ್ಪುಕಂಡ ಹೋಗಬೇಕಿಲ್ಲ

ನಮ್ಮ ಮಡಕಶಿರಾ ಸೀಮೆಯಲ್ಲಿ ಉಪ್ಪುಕಂಡಕ್ಕೆ ಭಾಷೆಯ ತಂಟೆ ಇಲ್ಲ. ಉಪ್ಪು ಕನ್ನಡದಲ್ಲೂ ತೆಲುಗಿನಲ್ಲೂ ಉಪ್ಪೇ, ಕಂಡ ಎರಡರಲ್ಲೂ ಮಾಂಸವೇ. ಒಂದು ಮನೆಯಲ್ಲಿ ಮುದ್ದೆಯ ಪಕ್ಕ, ಇನ್ನೊಂದು ಮನೆಯಲ್ಲಿ ಸಂಗಟಿಯ ಪಕ್ಕ ಕೂರುವುದು ಅದೇ ತುಂಡು. ಫ್ರಿಜ್ಜು ಇಲ್ಲದ ಕಾಲದಲ್ಲಿ ಜಾತ್ರೆಯ ಬಾಡು ಮಿಕ್ಕರೆ ಅದನ್ನು ಉಳಿಸಲು ಇದ್ದದ್ದು ಉಪ್ಪು, ಬಿಸಿಲು ಮತ್ತು ಒಲೆಯ ಹೊಗೆ.

ಈಗ ಹೊಗೆ ತಪ್ಪಿದೆ. ಹಳ್ಳಿಗಳಿಗೂ ಗ್ಯಾಸ್ ಬಂದಿದೆ. ಬಂದದ್ದು ಒಳ್ಳೆಯದೇ, ಒಲೆ ಊದಿ ಊದಿ ಕೆಮ್ಮು ಹತ್ತಿಸಿಕೊಂಡ ಹೆಂಗಸರನ್ನು ಕೇಳಿ ನೋಡಿ. ಆದರೆ ಒಲೆಯ ಜೊತೆ ಅದರ ಮೇಲಿನ ಹಗ್ಗವೂ ಹೋಯಿತು. ಎರಡು ದಿನ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿದ್ದನ್ನೇ ಉಪ್ಪುಕಂಡ ಅಂತಾರೆ. ಒಳಗೆ ಹಸಿ ಉಳಿದ ಕಂಡ ಬೂಷ್ಟು ಹಿಡಿಯದೆ ಇನ್ನೇನಾದೀತು? ಹೊಗೆ ಅಡುಗೆಮನೆಯಲ್ಲೇ ಇರಬೇಕೆಂದಿಲ್ಲ, ಹಿತ್ತಲಲ್ಲೂ ಹಾಕಬಹುದು ಎಂಬುದು ನನ್ನ ವಾದ.

ಮಾಂಸ ತೊಡೆಯದಾಗಿರಲಿ. ಕೊಬ್ಬನ್ನು ಪೂರ್ತಿ ತೆಗೆಯಬೇಕು. ಬಾಡು ಒಣಗಿದರೂ ಕೊಬ್ಬು ಒಣಗದು, ದಿನ ಕಳೆದಂತೆ ಕಮಟು ವಾಸನೆ ಹೊಡೆಯುತ್ತದೆ. ಎಳೆಯ ಉದ್ದಕ್ಕೆ, ಕಿರುಬೆರಳಿಗಿಂತ ತೆಳ್ಳಗೆ ಸೀಳಿ. ಕಿಲೋಗೆ 50 ಗ್ರಾಂ ಕುಟ್ಟಿದ ಕಲ್ಲುಪ್ಪು, ಎರಡು ಚಮಚ ಖಾರದಪುಡಿ, ಒಂದು ಚಮಚ ಅರಿಸಿನ, ಜಜ್ಜಿದ ಬೆಳ್ಳುಳ್ಳಿ ಸ್ವಲ್ಪ. ನೀರು ಸೋಕಿಸದೆ ಗಟ್ಟಿಯಾಗಿ ಉಜ್ಜಬೇಕು. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪೇ ನೀರು ಬಿಡಿಸುತ್ತದೆ. ಬೆಳಗ್ಗೆ ಅದನ್ನು ಚೆಲ್ಲಿ, ದಬ್ಬಣದಿಂದ ದಾರಕ್ಕೆ ಪೋಣಿಸಿ. ತುಂಡಿಗೆ ತುಂಡು ತಾಗಬಾರದು. ಮೂರು ನಾಲ್ಕು ದಿನ ಕಡುಬಿಸಿಲು ಬೇಕು. ನೊಣಕ್ಕೆ ತೆಳು ಬಟ್ಟೆ ಸಾಕು, ಕಾಗೆ ಕಾಯಲು ಮಾತ್ರ ಮನೆಯಲ್ಲೊಬ್ಬ ಮೊಮ್ಮಗ ಇರಬೇಕು. ಮೋಡದ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಹೊಗೆ ಸಂಜೆಯ ಕೆಲಸ. ಎಣ್ಣೆ, ಔಷಧಿ ತುಂಬಿರದ ಹಳೆಯ ಕಬ್ಬಿಣದ ಡ್ರಮ್ಮಿನ ಬುಡದಲ್ಲಿ ಗಾಳಿಗೊಂದು ತೂತು, ಬಾಯಿಗೆ ಅಡ್ಡ ಒಂದು ಸಲಾಕೆ, ಅದಕ್ಕೆ ಕಂಡದ ಸರ, ಮೇಲೊಂದು ಒದ್ದೆ ಗೋಣಿ. ತಳದಲ್ಲಿ ಒಂದು ಹಿಡಿ ಕೆಂಡ. ಕಂಡದ ಮಟ್ಟದಲ್ಲಿ ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ದಿನಕ್ಕೆ ಎರಡು ಮೂರು ತಾಸು ಸಾಕು.

ಕಟ್ಟಿಗೆಗೆ ಬಳ್ಳಾರಿ ಜಾಲಿಯೇ ಆಗುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ ದನದ ಎದೆಭಾಗಕ್ಕೆ (ಅವರು ಬ್ರಿಸ್ಕೆಟ್ ಅನ್ನುತ್ತಾರೆ) ಉಪ್ಪು, ಕರಿಮೆಣಸು ಉಜ್ಜಿ ಹತ್ತು ಹನ್ನೆರಡು ತಾಸು ಹೊಗೆಯಲ್ಲಿಡುತ್ತಾರೆ. ಓಕ್ ಕಟ್ಟಿಗೆಯಂತೆ ಅಲ್ಲಿ ಮೆಸ್ಕೀಟ್ ಕಟ್ಟಿಗೆಗೂ ಹೆಸರಿದೆ. ಆ ಮೆಸ್ಕೀಟ್, ನಮ್ಮ ಬದುಗಳನ್ನೆಲ್ಲ ನುಂಗಿ ಕೂತಿರುವ ಈ ಜಾಲಿಯ ದಾಯಾದಿ! ಅಲ್ಲಿನದು ಬೇಯಿಸುವ ಹೊಗೆ, ನಮ್ಮದು ಒಣಗಿಸುವ ಹೊಗೆ, ಅಷ್ಟೇ ವ್ಯತ್ಯಾಸ. ಸೌದೆ ಮಾತ್ರ ಚೆನ್ನಾಗಿ ಒಣಗಿರಬೇಕು. "ಹಸಿ ಸೌದೆ ಇಟ್ರೆ ಕಂಡ ಕಹಿ ಆಗ್ತದೆ ಕಣಪ್ಪ" ಅಂತಿದ್ದರು ನಮ್ಮಜ್ಜಿ.

ಕೊಂಡು ತಿನ್ನುವವರಿಗೂ ಮಾರುವವರಿಗೂ ಒಂದು ಲೆಕ್ಕ ಹೇಳುತ್ತೇನೆ. ಕೊಬ್ಬು ತೆಗೆದ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಸರಿಯಾಗಿ ಒಣಗಿದರೆ ಕಿಲೋ ಬಾಡು 350ರಿಂದ 400 ಗ್ರಾಂಗೆ ಇಳಿಯುತ್ತದೆ. ಹಾಗಿದ್ದ ಮೇಲೆ ಹಸಿ ಬಾಡಿನ ಎರಡೂವರೆ ಪಟ್ಟಿಗಿಂತ ಕಡಿಮೆಗೆ ಯಾರಾದರೂ ಉಪ್ಪುಕಂಡ ಕೊಡುತ್ತೇನೆ ಅಂದರೆ, ತಕ್ಕಡಿಯಲ್ಲಿ ನೀರಿದೆ, ಇಲ್ಲವೇ ಉಪ್ಪಿದೆ. ಒಂದು ತುಂಡು ಮುರಿದು ನೋಡಿ. ಪಟ್ ಅಂತ ಸೀಳಬೇಕು; ರಬ್ಬರಿನಂತೆ ಬಾಗಿದರೆ ಅಲ್ಲೇ ಬಿಟ್ಟು ಬನ್ನಿ. ಬೂಷ್ಟು ಕಂಡರೆ ಒರೆಸಿ ತಿನ್ನುವ ಜಾಣತನ ಬೇಡ, ಎಸೆಯಿರಿ.

ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಬೇಕಾದಾಗ ಹತ್ತು ನಿಮಿಷ ಬಿಸಿನೀರಲ್ಲಿ ನೆನೆಸಿ, ಜಜ್ಜಿ, ಎಣ್ಣೆಯಲ್ಲಿ ಹುರಿಯಬಹುದು. ಅವರೆಕಾಳು ಸಾರಿಗೆ ಹಾಕಿದರೆ ಇನ್ನೂ ರುಚಿ. ಬಿ.ಪಿ. ಇರುವವರು ಒಂದೆರಡು ತುಂಡಿಗೇ ನಿಲ್ಲಿಸಿ. ಉಳಿದವರು ಸಾರಿಗೆ ಬೇರೆ ಉಪ್ಪು ಹಾಕುವ ಮುಂಚೆ ಒಂದು ಸಲ ರುಚಿ ನೋಡಿ.