ಘಟ್ಟದ ಮೇಲಿನ ಸಿಗ್ನಲ್

ಸತ್ಯಮಂಗಲದಿಂದ ತಾಳವಾಡಿಗೆ ಹೋಗಬೇಕೆಂದರೆ ದಿಂಬಂ ಘಟ್ಟದ 27 ಕಡಿದಾದ ತಿರುವು ಹತ್ತಬೇಕು. ಚಾಮರಾಜನಗರದಿಂದ ಹೊರಟವರಿಗೆ ಈ ಪಾಡಿಲ್ಲ. ಮೈಸೂರು ಸೀಮೆಯ ಪ್ರಸ್ಥಭೂಮಿಯೇ ಮುಂದುವರಿಯುತ್ತದೆ. ತಾಳವಾಡಿಯ ಆಡಳಿತ ತಮಿಳುನಾಡಿನ, ಘಟ್ಟದ ಕೆಳಗಿನ ಈರೋಡಿನದು, ಮನೆಮಾತು ಬಹುಪಾಲು ಕನ್ನಡ. ರೇಡಿಯೊ ತರಂಗಗಳೂ ಈ ಏರಿಳಿತಕ್ಕೆ ತಲೆಬಾಗಿಯೇ ನಡೆಯುತ್ತವೆ.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಆರಂಭಿಸಿದಾಗ ಯಂತ್ರದ ಶಕ್ತಿ ಬರೀ 30 ವ್ಯಾಟ್. ಬೆಂಗಳೂರು ಕೇಂದ್ರ ಶುರುವಾದದ್ದು 1955ರ ನವೆಂಬರ್ 2ರಂದು. ಮರುವರ್ಷ ರಾಜ್ಯಗಳ ಮರುವಿಂಗಡಣೆಯಾಯಿತು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು.

ಮೀಡಿಯಂ ವೇವ್‌ಗೆ ಇಂಥ ಗೆರೆಗಳ ಹಂಗಿಲ್ಲ. ಅದು ನೆಲಕ್ಕಂಟಿ ಹರಿಯುತ್ತದೆ. ಇರುಳಾದರೆ ಆಕಾಶದ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಅಲ್ಲಿ ಗೋಪುರವೇ ಆಂಟೆನಾ. ಇಡೀ ಉಕ್ಕಿನ ಕಂಬವನ್ನು ಪಿಂಗಾಣಿ ಬುಡದ ಮೇಲೆ ನಿಲ್ಲಿಸಿ, ಸುತ್ತ ಮಣ್ಣಿನಡಿ ತಾಮ್ರದ ತಂತಿಗಳನ್ನು ಹರಡಿರುತ್ತಾರೆ. ಎಫ್‌.ಎಂ. ಮತ್ತು ಟಿ.ವಿ.ಯದು ಬೇರೆ ಲೆಕ್ಕ. ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಗೋಪುರ ಬರೀ ಮೆಟ್ಟಿಲು. ಮಾತಾಡುವುದು ತುದಿಗೆ ಕಟ್ಟಿದ ಆಂಟೆನಾ. ಘಟ್ಟದ ಕೆಳಗಿನ ಬಯಲಿನ ಸಿಗ್ನಲ್‌ಗೆ ತಾಳವಾಡಿ ಬೆಟ್ಟದ ಮರೆ. ಮೈಸೂರು ದಿಕ್ಕಿನ ಸಿಗ್ನಲ್‌ಗೆ ಅಷ್ಟು ಅಡ್ಡಿಯಿಲ್ಲ.

ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಕಕ್ಷೆ ಸೇರಿದ ಮೇಲೆ ದೂರದರ್ಶನಕ್ಕೆ ರೆಕ್ಕೆ ಬಂತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದು ಎಂಬಂತೆ ದೇಶದಲ್ಲಿ ಮರುಪ್ರಸಾರ ಕೇಂದ್ರಗಳು ಎದ್ದವು. ಬಹುತೇಕ 100 ವ್ಯಾಟ್‌ನವು: ದೊಡ್ಡ ಡಿಶ್ ಉಪಗ್ರಹದಿಂದ ಚಿತ್ರ ಇಳಿಸಿಕೊಳ್ಳುತ್ತದೆ, ಕಂಬ ಅದನ್ನೇ ಸುತ್ತಲಿಗೆ ಬೀರುತ್ತದೆ. ಸ್ಟುಡಿಯೊ ಇಲ್ಲ, ಸ್ಥಳೀಯ ದನಿ ಇಲ್ಲ. ಕಂಬ ಊರ ಪಕ್ಕದಲ್ಲೇ ಇದ್ದರೂ ಮಾತು ದಿಲ್ಲಿಯದು. ಗಡಿನಾಡಿನ ನಿಜವಾದ ತೊಡಕು ಇರುವುದು ಕಂಬದ ಎತ್ತರದಲ್ಲಲ್ಲ, ಅದಕ್ಕೆ ಜೋಡಿಸಿದ ಮೂಲದಲ್ಲಿ.

2000ರ ಜುಲೈ 30ರ ರಾತ್ರಿ ತಾಳವಾಡಿ ಪಕ್ಕದ ದೊಡ್ಡಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. 108 ದಿನಗಳ ಆ ಬಿಕ್ಕಟ್ಟಿನಲ್ಲಿ ಎರಡು ರಾಜ್ಯಗಳು ಕಾದದ್ದು ಕಾಡಿನಿಂದ ಬರುವ ಕ್ಯಾಸೆಟ್‌ಗಳಿಗೆ. ಉಪಗ್ರಹ ವಾಹಿನಿಗಳ ಕಾಲದಲ್ಲೂ ಸುದ್ದಿ ಕಾಲ್ನಡಿಗೆಯಲ್ಲೇ ಬಂತು!

ಹಳೆಯ ಅನಲಾಗ್ ಟಿ.ವಿ. ಕಂಬಗಳ ಕೆಲಸ 2022ರ ಮಾರ್ಚ್ ವೇಳೆಗೆ ಬಹುತೇಕ ಮುಗಿಯಿತು; ಆಯಕಟ್ಟಿನ 50 ಕೇಂದ್ರಗಳನ್ನಷ್ಟೇ ಉಳಿಸಿಕೊಂಡರು. 2004ರಲ್ಲಿ ಶುರುವಾದ, ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಡಿಟಿಎಚ್ ಸೇವೆ ಈಗ 'ಫ್ರೀ ಡಿಶ್'. ಸೂರಿನ ತಟ್ಟೆಗೆ ಘಟ್ಟವೂ ಗಡಿಯೂ ಒಂದೇ. ದೂರದರ್ಶನದ ಕನ್ನಡ ವಾಹಿನಿ ಚಂದನವೂ ಸಿಗುತ್ತದೆ, ತಮಿಳು ವಾಹಿನಿಯೂ ಸಿಗುತ್ತದೆ.

ರೇಡಿಯೊಗೆ ಮಾತ್ರ ಕಂಬ ಇನ್ನೂ ಬೇಕು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಪ್ರಸಾರ ಜಾಲದ ಉನ್ನತೀಕರಣಕ್ಕೆ ₹2,539.61 ಕೋಟಿ ಒಪ್ಪಿತು. ಆಕಾಶವಾಣಿ ಎಫ್‌.ಎಂ. ತಲುಪುವ ಭೂಭಾಗವನ್ನು ಶೇ 59ರಿಂದ 66ಕ್ಕೆ, ಜನಸಂಖ್ಯೆಯನ್ನು ಶೇ 68ರಿಂದ 80ಕ್ಕೆ ಏರಿಸುವುದು ಗುರಿ. ಅದೇ ವರ್ಷ ಏಪ್ರಿಲ್ 28ರಂದು 100 ವ್ಯಾಟ್‌ನ 91 ಎಫ್‌.ಎಂ. ಟ್ರಾನ್ಸ್‌ಮಿಟರ್‌ಗಳು ಒಟ್ಟಿಗೆ ಚಾಲೂ ಆದವು. ಇಂಥ ಪುಟ್ಟ ಯಂತ್ರಕ್ಕೆ ಸಂಜೆಯ ಕಾರ್ಯಕ್ರಮ ಚೆನ್ನೈಯದೋ ಮೈಸೂರಿನದೋ ಎಂಬುದು ತಂತ್ರಜ್ಞಾನದ ಪ್ರಶ್ನೆಯೇ ಅಲ್ಲ. ತಾಳವಾಡಿಯಂಥ ಕಡೆ ಎರಡಕ್ಕೂ ಹೊತ್ತು ಹಂಚಿಕೊಡಲು ಹೊಸ ಗೋಪುರ ಬೇಕಿಲ್ಲ, ಕಚೇರಿಯ ಒಂದು ಆದೇಶ ಸಾಕು.