ಮಗು ಮೊದಲ ಬಾರಿ ವಸತಿ ಶಿಬಿರಕ್ಕೆ ಹೊರಟಾಗ

ಏಪ್ರಿಲ್ ತಿಂಗಳು ಬಂತೆಂದರೆ ಕರಾವಳಿಯ ಊರೂರಲ್ಲೂ ಬೇಸಿಗೆ ಶಿಬಿರಗಳ ಸಡಗರ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಶಿಬಿರವಾದರೆ ಹೆತ್ತವರು ಹೆಚ್ಚು ಯೋಚಿಸುವುದಿಲ್ಲ. ಮೂರು ನಾಲ್ಕು ರಾತ್ರಿ ಅಲ್ಲಿಯೇ ತಂಗಬೇಕೆಂದಾಗ ಮಾತ್ರ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. 'ರಾತ್ರಿ ಅತ್ತರೆ ಯಾರು ನೋಡುತ್ತಾರೆ?' ಎಂದು ಒಬ್ಬರು, 'ಎಷ್ಟು ದಿನ ಸೆರಗಿಗೆ ಕಟ್ಟಿಕೊಂಡಿರುವುದು?' ಎಂದು ಇನ್ನೊಬ್ಬರು. ಎರಡೂ ಮಾತಿನಲ್ಲಿ ಹುರುಳಿದೆ.

ಮಕ್ಕಳನ್ನು ಮನೆಯಿಂದಾಚೆ ಒಟ್ಟಿಗೆ ಇರಿಸಿ ಬದುಕಿನ ಪಾಠ ಕಲಿಸುವ ಕ್ರಮ ಹೊಸದಲ್ಲ. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರಿಗಾಗಿ ನಡೆಸಿದ ಶಿಬಿರದಿಂದಲೇ ಸ್ಕೌಟ್ ಚಳವಳಿ ಬೆಳೆಯಿತು. ತನ್ನ ತಟ್ಟೆ ತಾನೇ ತೊಳೆಯುವುದು, ಹಾಸಿಗೆ ಮಡಚುವುದು, ಪರಿಚಯವಿಲ್ಲದವರೊಡನೆ ಹಂಚಿಕೊಂಡು ಬಾಳುವುದು - ಇವು ಮನೆಯಲ್ಲಿ ಎಷ್ಟು ಹೇಳಿದರೂ ಹತ್ತದ ಪಾಠಗಳು.

ಯಾವ ವಯಸ್ಸಿಗೆ ಕಳುಹಿಸಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ತನ್ನ ಸ್ನಾನ, ಬಟ್ಟೆಬರೆ ತಾನೇ ನೋಡಿಕೊಳ್ಳುವ, ಹೊಟ್ಟೆನೋವು ಬಂದರೆ ಬೇರೆ ಹಿರಿಯರ ಬಳಿ ಹೇಳಬಲ್ಲ, ಮುಖ್ಯವಾಗಿ ಹೋಗಲು ತಾನೇ ಮನಸ್ಸು ಮಾಡಿದ ಮಗು ಸಿದ್ಧವಾಗಿದೆ ಎನ್ನಬಹುದು. ನೆರೆಮನೆಯ ಮಗು ಹೋಗುತ್ತದೆ ಎಂಬುದು ಕಾರಣವಾಗಬಾರದು.

ಮನೆಯ ನೆನಪಾಗಿ ಅಳು ಬರುವುದು ದೌರ್ಬಲ್ಯವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಪ್ರಕಟಿಸಿದ ವರದಿಯು, ಮನೆಯಿಂದ ದೂರವಿರುವ ಬಹುತೇಕ ಎಲ್ಲ ಮಕ್ಕಳಿಗೂ ಅಲ್ಪಸ್ವಲ್ಪವಾದರೂ ಈ ಕೊರಗು ಇರುತ್ತದೆ ಎನ್ನುತ್ತದೆ. ಹೋಗುವ ತೀರ್ಮಾನದಲ್ಲಿ ಮಗುವನ್ನೂ ಸೇರಿಸಿಕೊಳ್ಳಬೇಕು, ಮೊದಲೇ ಅಭ್ಯಾಸ ಮಾಡಿಸಬೇಕು ಎಂಬುದು ಅದರ ಸಲಹೆ. ನಮ್ಮಲ್ಲಿ ಇದು ಕಷ್ಟವಲ್ಲ. ಅಜ್ಜಿಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಎರಡು ರಾತ್ರಿ ಬಿಟ್ಟು ಬನ್ನಿ, ಗಳಿಗೆಗೊಮ್ಮೆ ಫೋನ್ ಮಾಡಬೇಡಿ. ಶಿಬಿರದ ಚೀಲವನ್ನು ಮಗುವೇ ತುಂಬಲಿ, ನೀವು ಪಕ್ಕದಲ್ಲಿ ಕುಳಿತರೆ ಸಾಕು. ಸೆಕೆಗೆ ತೆಳುವಾದ ಹತ್ತಿ ಬಟ್ಟೆ, ಹೊದಿಕೆ, ಟಾರ್ಚ್, ಮೇ ತಿಂಗಳಾದರೆ ಒಂದು ಕೊಡೆ. ಎಲ್ಲದರ ಮೇಲೂ ಹೆಸರಿರಲಿ.

ಇಲ್ಲಿ ಒಂದು ಎಚ್ಚರಿಕೆ. 'ಬೇಜಾರಾದರೆ ಫೋನ್ ಮಾಡು, ಕೂಡಲೇ ಬಂದು ಕರೆದುಕೊಂಡು ಹೋಗುತ್ತೇನೆ' ಎಂದು ಮುಂಚಿತವಾಗಿ ಮಾತು ಕೊಡಬೇಡಿ. ಪ್ರೀತಿಯಿಂದಲೇ ಆಡುವ ಈ ಮಾತು, 'ನೀನು ಅಲ್ಲಿ ಇರಲಾರೆ' ಎಂದು ಮಗುವಿಗೆ ಕೇಳಿಸುತ್ತದೆ. ಮೊದಲ ರಾತ್ರಿಯ ಅಳುವಿಗೆ ಆ ಮಾತೇ ದಾರಿಯಾಗುತ್ತದೆ. ಬದಲಿಗೆ, 'ನೆನಪಾಗುತ್ತದೆ, ನಮಗೂ ಆಗುತ್ತದೆ. ಆಗ ಅಲ್ಲಿನ ಟೀಚರಿಗೆ ಹೇಳು, ಗೆಳೆಯರೊಡನೆ ಆಡು' ಎನ್ನಿ.

ಆದರೆ ಸಹಿಸಿಕೊಳ್ಳಬೇಕಾದದ್ದು ಮನೆಯ ನೆನಪನ್ನು ಮಾತ್ರ. ಮೈಮುಟ್ಟುವ ಕೆಟ್ಟ ವರ್ತನೆ, ಹೊಡೆತ, ಬೆದರಿಕೆ, 'ಯಾರಿಗೂ ಹೇಳಬೇಡ' ಎಂಬ ಗುಟ್ಟು - ಇವನ್ನು ಸಹಿಸಬಾರದು ಎಂದು ಮಗುವಿಗೆ ಬಿಡಿಸಿ ಹೇಳಿ. ಅಂಥದ್ದಾದರೆ ಯಾವ ಹೊತ್ತಿನಲ್ಲೂ ಬರುತ್ತೇವೆ, ಯಾರು ಏನೇ ಹೇಳಿದರೂ ನಿನ್ನ ಮಾತನ್ನು ನಂಬುತ್ತೇವೆ ಎಂಬ ಭರವಸೆ ಕೊಡಿ. ಮನೆಯ ಫೋನ್ ನಂಬರಿನ ಜೊತೆಗೆ ಮಕ್ಕಳ ಸಹಾಯವಾಣಿ 1098 ಕೂಡ ಅದಕ್ಕೆ ಬಾಯಿಪಾಠ ಇರಲಿ. ಈ ಎರಡು ಬಗೆಯ ಕಷ್ಟಗಳ ವ್ಯತ್ಯಾಸ ತಿಳಿದ ಮಗುವೇ ನಿಜವಾಗಿ ಶಿಬಿರಕ್ಕೆ ಸಿದ್ಧವಾದ ಮಗು.

ಕಳುಹಿಸುವ ಮೊದಲು ಸಂಘಟಕರನ್ನು ಕೇಳಲು ಸಂಕೋಚ ಬೇಡ. ರಾತ್ರಿ ಹೊಣೆ ಯಾರದು? ಹೆಣ್ಣುಮಕ್ಕಳ ಜೊತೆ ಮಹಿಳೆಯರು ಇರುತ್ತಾರೆಯೇ? ಹತ್ತಿರದ ಆಸ್ಪತ್ರೆ ಯಾವುದು? ಮಕ್ಕಳನ್ನು ಸಮುದ್ರಕ್ಕೋ ಹೊಳೆಗೋ ಕರೆದೊಯ್ಯುತ್ತಾರೆಯೇ? ಹಾಗಿದ್ದರೆ ಈಜು ಬಲ್ಲ ಹಿರಿಯರು ಎಷ್ಟು ಮಂದಿ? ಹಾಗೆಯೇ ನಿಮ್ಮ ಮಗುವಿನ ಉಬ್ಬಸ, ಒಗ್ಗದ ಆಹಾರ, ನಿದ್ದೆಯಲ್ಲಿ ಮೂತ್ರ ಹೋಗುವ ಅಭ್ಯಾಸ ಇತ್ಯಾದಿಗಳನ್ನು ಮುಚ್ಚಿಡದೆ ತಿಳಿಸಿ. ಔಷಧವನ್ನು ವೈದ್ಯರ ಚೀಟಿಯೊಂದಿಗೆ ಅವರ ಕೈಗೇ ಕೊಡಿ.

ಧರ್ಮಕೇಂದ್ರಗಳಲ್ಲಿ ಶಿಬಿರ ನಡೆಸುವವರಿಗೂ ಒಂದು ಮಾತು. ಪ್ರಶ್ನೆ ಕೇಳುವ ಹೆತ್ತವರು ನಿಮ್ಮನ್ನು ಸಂಶಯಿಸುತ್ತಿಲ್ಲ, ನಿಮ್ಮೊಡನೆ ಹೊಣೆ ಹಂಚಿಕೊಳ್ಳುತ್ತಿದ್ದಾರೆ. ಯಾವ ಹಿರಿಯರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದೆಂಬ ನಿಯಮ ಎಲ್ಲರಿಗೂ ಅನ್ವಯವಾಗಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ಹೇಳುತ್ತದೆ. ಒಳಗೊಳಗೇ ಮಾತಾಡಿ ಮುಗಿಸುವ ವಿಷಯ ಅದಲ್ಲ.

ಶಿಬಿರ ಮುಗಿಸಿ ಬಂದ ದಿನ ಮಗು ದಣಿದಿರುತ್ತದೆ. ಮೊದಲು ಗಂಜಿ ಊಟ, ನಿದ್ದೆ. ಮರುದಿನ 'ಅತ್ತೆಯಾ?' ಎಂದು ಕೇಳುವ ಬದಲು 'ಏನೇನಾಯಿತು ಹೇಳು' ಎನ್ನಿ, ನಡುವೆ ಬಾಯಿ ಹಾಕದೆ ಕೇಳಿ. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಕೆಲವು ಮಾತುಗಳು ಮಕ್ಕಳ ಬಾಯಿಂದ ತಡವಾಗಿಯೇ ಬರುತ್ತವೆ.