ಅಪ್ಪಿಕೊಂಡ ಮೇಲೆ

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತಾಗ ಅಪಾಯ ಕಣ್ಣೆದುರೇ ಇತ್ತು, ಕೊಡಲಿಯ ರೂಪದಲ್ಲಿ. ಅಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿ 'ಉಳಿಸು, ಬೆಳೆಸು, ಬಳಸು' ಎಂದಿತು. ಉತ್ತರ ಕನ್ನಡದಲ್ಲಿ ಕೂಲಿಯಿಲ್ಲದೆ ಮರಕ್ಕಾಗಿ ದುಡಿಯುವ ರೂಢಿಗೆ ಬಲ ಬಂದದ್ದೂ ಅದರಿಂದಲೇ. ಆದರೆ 'ಬೆಳೆಸು' ಎಂಬ ಮಾತು ಬರಬರುತ್ತ ಸವೆದು, ಜೂನ್ ತಿಂಗಳಲ್ಲಿ ಗುಂಡಿ ತೋಡಿ, ಸಸಿಯಿಟ್ಟು, ಫೋಟೊ ತೆಗೆಸಿಕೊಳ್ಳುವುದಕ್ಕೆ ಬಂದು ನಿಂತಿದೆ. (ಆ ಸಸಿಯ ಮರುವರ್ಷದ ಫೋಟೊ ಯಾರ ಬಳಿಯೂ ಇರುವುದಿಲ್ಲ.) ಮಲೆನಾಡು ಬಯಲುಸೀಮೆಯನ್ನು ಮುಟ್ಟುವ ಮುಂಡಗೋಡದ ಕಡೆ ಇದರಿಂದ ಹೆಚ್ಚಿನ ಫಲವಿಲ್ಲ. ಇಲ್ಲಿನ ಎಲೆಯುದುರುವ ಕಾಡಿಗೆ ಸೇರಿದ ಬೀಟೆಯನ್ನೇ ನೋಡಿ. ಅದು ಐಯುಸಿಎನ್ ಕೆಂಪುಪಟ್ಟಿಯಲ್ಲಿದೆ. 2017ರಿಂದ ಅದರ ಕುಲದ ಮರಗಳ ವಿದೇಶಿ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣವೂ ಬಿದ್ದಿದೆ. ಕಡಿವಾಣ ವ್ಯಾಪಾರಿಯನ್ನು ತಡೆದೀತು, ಕಾಡಿನಲ್ಲಿ ಮರಿ ಎಬ್ಬಿಸಲಾರದು.

ಮರಿ ಎಬ್ಬಿಸುವ ಉಪಾಯ ಬೀಟೆಗೇ ಗೊತ್ತು. ಹಳೆಯ ಮರದಿಂದ ನಾಲ್ಕು ಮಾರು ದೂರದಲ್ಲಿ, ಚರಂಡಿ ತೋಡುವಾಗಲೋ ನೇಗಿಲು ತಾಗಿಯೋ ಗಾಯಗೊಂಡ ಬೇರಿನಿಂದ ಚಿಗುರು ಏಳುತ್ತದೆ. ತುದಿ ದುಂಡಗಿನ ಎಳೆಯ ಎಲೆಗಳೇ ಅದರ ಗುರುತು. ಆ ಚಿಗುರನ್ನು ಮುಗಿಸುವುದು ದನದ ಬಾಯಿ, ಇಲ್ಲವೇ ಬೇಸಿಗೆಯಲ್ಲಿ ತರಗೆಲೆ ಹಿಡಿದು ಹರಿಯುವ ನೆಲಬೆಂಕಿ. ಹಾಗಾಗಿ ಜೂನ್‌ನ ಗುಂಡಿಗಿಂತ ಜನವರಿಯಲ್ಲಿ ತರಗು ಗುಡಿಸಿ ಮಾಡುವ ಬೆಂಕಿರೇಖೆ, ಚಿಗುರಿನ ಸುತ್ತ ಕಟ್ಟುವ ಮುಳ್ಳುಬೇಲಿ ಹೆಚ್ಚಿನ ಕೆಲಸ ಎನ್ನುತ್ತೇನೆ.

ಇದಕ್ಕೆ ಎರಡು ಆಕ್ಷೇಪಗಳುಂಟು. ಬೇರುಚಿಗುರು ತಾಯಿಮರದ ಪಡಿಯಚ್ಚು, ಒಂದೇ ತಳಿಯ ಕಾಡಿಗೆ ರೋಗ ಬಂದರೆ ಗತಿಯೇನು ಎಂಬುದು ಮೊದಲನೆಯದು. ಮಾತು ಸರಿ, ಅದಕ್ಕೇ ಬೇರೆಬೇರೆ ಮರಗಳ ತೆಳ್ಳನೆಯ ಕಾಯಿಗಳನ್ನೂ ಆರಿಸಿ ಸಸಿ ಮಾಡಬೇಕು. ಇದೇ ಜಿಲ್ಲೆಯ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ಜೌಗು ಕಾಡಿನಲ್ಲಿ) ಸಿಕ್ಕಿ, 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಗೇರಿನ ಕುಟುಂಬದ ಮರಕ್ಕೆ ಇದು ಇನ್ನೂ ಕಷ್ಟ: ಅದರ ಬೀಜವನ್ನು ಒಣಗಿಸಿ ಇಡಲಾಗದು, ಗಂಡು ಹೆಣ್ಣು ಬೇರೆಬೇರೆ ಮರ, ಮೇಲಾಗಿ ಜಡ್ಡಿಯ ನೀರು ಅಡಿಕೆ ತೋಟಕ್ಕೆ ತಿರುಗಿದರೆ ನೆಟ್ಟದ್ದೂ ಉಳಿಯದು. ಇದೆಲ್ಲ ಅರಣ್ಯ ಇಲಾಖೆಯ ಕೆಲಸವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಕಾಡು ಇಲಾಖೆಯದೇ, ಕೇಳದೆ ಬೇಲಿ ಹಾಕಲೂ ಆಗದು. ಅದಕ್ಕೆ ಗ್ರಾಮ ಅರಣ್ಯ ಸಮಿತಿಯ ದಾರಿಯಿದೆ. ರಾಜ್ಯದಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಬಂದದ್ದು 1993ರಲ್ಲೇ. ಆದರೆ ಯಾವ ಓಣಿಯ ದನ ಯಾವ ದಾರಿಯಲ್ಲಿ ಕಾಡಿಗೆ ಇಳಿಯುತ್ತದೆ, ಬೆಂಕಿ ಮೊದಲು ಯಾವ ದಿಣ್ಣೆಯಲ್ಲಿ ಕಾಣುತ್ತದೆ ಎಂಬುದು ಗಾರ್ಡ್‌ಗಿಂತ ಮೊದಲು ತಿಳಿಯುವುದು ದನ ಕಾಯುವವನಿಗೆ. ಸಮಿತಿಯ ಸಭೆಗೆ ಅವನನ್ನು ಯಾರಾದರೂ ಕರೆದಿದ್ದಾರೆಯೇ?